ಕಾಮಕಸ್ತೂರಿ ಲೆನ್ಸು

"ಅಮ್ಮ, ಈ ಚಾರ್ಟ್ ಓದಿ ತಪ್ಪಿದ್ರೆ ಹೇಳು. ನಾಳಿದ್ದು ಸೈನ್ಸ್ ಎಕ್ಸಿಬಿಷನ್."

"ಅಲ್ಲಿಡು, ಆಮೇಲೆ ನೋಡ್ತೀನಿ. ಈಗ ವೋಲ್ಟೇಜ್ ಇಲ್ಲ, ಬಲ್ಬು ಮಂಕಾಗಿದೆ," ಅಂದಳು ಅಮ್ಮ.

ರಜನಿಗೆ ಅಳು ಬಂತು. ಮೊದಲೆಲ್ಲ ಅವಳ ಒಂದೊಂದು ಉತ್ತರವನ್ನೂ ಓದಿ, ತಪ್ಪಿದ್ದರೆ ತಲೆಗೆ ಮೊಟಕುತ್ತಿದ್ದ ಅಮ್ಮ, ಈ ವರ್ಷ ನೋಟ್ಸ್ ತೆರೆದು ನೋಡುವುದೂ ಇಲ್ಲ. ಮೊಟಕು ಸಿಗಲಿಲ್ಲವೆಂದು ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ರಜನಿ ಮಾಡಿಕೊಂಡಿದ್ದಳು. ಅಮ್ಮನಿಗೆ ತಾನು ಬೇಡವಾದೆ ಅಂತಲೇ ಅವಳಿಗೆ ಅನಿಸಿತ್ತು.

ಮಾರನೇ ದಿನ ಬಾಳೂರಿನ ಶಾಲೆಯಲ್ಲಿ ಓಂಕಾರಮೂರ್ತಿ ಮೇಷ್ಟ್ರ ಮುಂದೆ ತನ್ನ ಮಾಡೆಲ್ ಇಟ್ಟಳು. ಪೇಪರಿನಲ್ಲಿ ಬಂದಿದ್ದ ಹೊಸ ಲೆನ್ಸಿನ ಸುದ್ದಿಯನ್ನು ಕ್ಲಾಸಿನಲ್ಲಿ ಓದಿ ಹೇಳಿದವರು ಅವರೇ. ಸಾಸಿವೆ ಕಾಳಿನಷ್ಟು ನೀರು, ಅದರ ಸುತ್ತ ಜೆಲ್ಲಿಯ ಬಳೆ. ಬಿಸಿಯಾದರೆ ಜೆಲ್ಲಿ ಕುಗ್ಗುತ್ತದೆ, ತಣ್ಣಗಾದರೆ ಹಿಗ್ಗುತ್ತದೆ. ಅದರಂತೆ ನೀರಿನ ಉಬ್ಬೂ ಬದಲಾಗಿ, ಲೆನ್ಸು ತಾನಾಗಿಯೇ ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುತ್ತದೆ.

ಅಂಥ ಜೆಲ್ಲಿ ಬಾಳೂರಲ್ಲಿ ಎಲ್ಲಿ ಸಿಗಬೇಕು? ರಜನಿ ಪಾನಕಕ್ಕೆ ಹಾಕುವ ಕಾಮಕಸ್ತೂರಿ ಬೀಜವನ್ನು ಗಾಜಿನ ಮೇಲೆ ಬಳೆಯಂತೆ ಜೋಡಿಸಿ, ನಡುವೆ ಹನಿ ನೀರು ಬಿಟ್ಟಳು. ಗಾಜಿನಡಿಯ ಅಕ್ಷರ ದೊಡ್ಡದಾಗಿ ಕಂಡಿತು. ಬೀಜಗಳು ನೀರು ಕುಡಿದು ಉಬ್ಬಿದಂತೆ ಅಕ್ಷರ ಮಸುಕಾಯಿತು.

"ಸಾರ್, ಇದು ಉಬ್ಬಿದ್ದು ಮತ್ತೆ ಕುಗ್ಗೋದೇ ಇಲ್ಲ."

"ಇಷ್ಟಾದ್ರೂ ಮಾಡಿದ್ಯಲ್ಲ ಮಾರಾಯ್ತಿ," ಮೇಷ್ಟ್ರು ನಕ್ಕರು. "ನಿನ್ನ ಕಣ್ಣೊಳಗೂ ಮೆತ್ತನೆ ಲೆನ್ಸ್ ಇದೆ. ಹತ್ತಿರ ನೋಡುವಾಗ ಉಬ್ಬುತ್ತೆ, ದೂರ ನೋಡುವಾಗ ಚಪ್ಪಟೆ ಆಗುತ್ತೆ. ನಲವತ್ತು ದಾಟಿದ್ಮೇಲೆ ಅದೂ ಗಟ್ಟಿ ಆಗಿಬಿಡುತ್ತೆ. ದೂರದ್ದು ಕಾಣುತ್ತೆ, ಕೈಯಲ್ಲಿರೋ ಪುಸ್ತಕ ಕಾಣಲ್ಲ. ನನ್ನ ಕನ್ನಡಕ ಅದಕ್ಕೇ."

ರಜನಿ ಮೇಷ್ಟ್ರ ಕನ್ನಡಕವನ್ನೇ ನೋಡಿದಳು. ಅಮ್ಮ ಸೂಜಿಗೆ ದಾರ ಪೋಣಿಸಲಾಗದೆ ಎದ್ದುಹೋಗಿದ್ದು ನೆನಪಾಯಿತು. ಅನ್ನದಲ್ಲಿ ಕಲ್ಲು ಸಿಕ್ಕಿದ್ದು ನೆನಪಾಯಿತು. ಎಲ್ಲದಕ್ಕೂ ಬೈಸಿಕೊಂಡಿದ್ದು ಪಾಪ, ವೋಲ್ಟೇಜು. ಅಕ್ಕಿ ಆರಿಸಿದ್ದು ಹಗಲಿನಲ್ಲಲ್ಲವೇ?

ಸಂಜೆ ಅಮ್ಮ ಕಣದಲ್ಲಿ ಒಣಗಿದ ಕಾಫಿಯನ್ನು ರಾಶಿ ಮಾಡುತ್ತಿದ್ದಳು. ಬಿಸಿಲು ಇನ್ನೂ ಇತ್ತು. ರಜನಿ ಚಾರ್ಟ್ ತಂದಳು.

"ಕೈಯೆಲ್ಲ ಧೂಳು, ಆಮೇಲೆ ನೋಡ್ತೀನಿ ಪುಟ್ಟ."

"ನೀನು ಮುಟ್ಬೇಡ. ನಾನೇ ಹಿಡ್ಕೋತೀನಿ."

ಅವಳು ಚಾರ್ಟ್ ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಅಮ್ಮ ಕಣ್ಣು ಕಿರಿದು ಮಾಡಿದಳು. ರಜನಿ ಇನ್ನೊಂದು ಹೆಜ್ಜೆ ಸರಿದಳು. ಅಮ್ಮನ ಹಣೆಯ ಗಂಟು ಬಿಚ್ಚಿತು.

"'ನೀರಿನ ಹನಿಯೂ ಒಂದು ಲೆನ್ಸ್,'" ಅಮ್ಮ ಜೋರಾಗಿ ಓದಿದಳು. ಆಮೇಲೆ ನಿಲ್ಲಿಸಿ ಮಗಳನ್ನೇ ನೋಡಿದಳು. "ಯಾಕೆ ಅಷ್ಟು ದೂರ ಹೋದೆ?"

"ಇಲ್ಲಿ ಬೆಳಕು ಚೆನ್ನಾಗಿದೆ," ಅಂದಳು ರಜನಿ.

ಅಮ್ಮ ಮುಂದಿನ ಸಾಲು ಓದತೊಡಗಿದಳು. ರಜನಿಯ ಕೈ ನೋಯುತ್ತಿತ್ತು. ಆದರೂ ಅಮ್ಮ ಕೊನೆಯ ಸಾಲು ಮುಗಿಸುವವರೆಗೆ ಅವಳು ಚಾರ್ಟ್ ಇಳಿಸಲಿಲ್ಲ.