ಅವಳು ತಿದ್ದಿದ ಒಂದು ಪದ

"ಮೇಡಂ, ನೀವು ಲಾಯರ್ ತಾನೇ? ಒಂದ್ನಿಮಿಷ... ಇದ್ರಲ್ಲೇನಾದ್ರೂ ಮೋಸ ಇದ್ಯಾ, ನೋಡಿ ಹೇಳ್ತೀರಾ?"

ಕಾರ್ಮಿಕ ಇಲಾಖೆಯ ಕಾರಿಡಾರಿನಲ್ಲಿ ಎದುರು ನಿಂತ ಅಪರಿಚಿತ ಚಾಚಿದ ಕಾಗದ ಕಂಡು ಅವಳು ಬೆಚ್ಚಿದಳು!

ಅವನು ಕಿವಿ ಡಾಕ್ಟರು. ಗಿರಣಿಗಳ ಸದ್ದಿಗೆ ಕಾರ್ಮಿಕರು ಕಿವುಡರಾಗುತ್ತಿದ್ದಾರೆಂದು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದವನು. ಕೊನೆಗೂ ಕರಡು ನಿಯಮ ಸಿದ್ಧವಾಗಿತ್ತು. ಅದಕ್ಕೆ ಅವನ ಒಪ್ಪಿಗೆ ಕೇಳಿದ್ದರು.

ಅವಳಿಗೆ ಅದನ್ನು ಓದುವ ಅಗತ್ಯವೇ ಇರಲಿಲ್ಲ. ಗಿರಣಿ ಮಾಲೀಕರ ಪರವಾಗಿ ಸರ್ಕಾರದ ಮನವೊಲಿಸುವ ವಕೀಲರ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಅಧಿಕಾರಿಗಳ ಕೋಣೆಗಳಿಗೆ ಎಡತಾಕಿ, ನಯವಾಗಿ ವಾದಿಸಿ, 'ಕಿವಿ ಪರೀಕ್ಷೆ ಮಾಡಿಸತಕ್ಕದ್ದು' ಎಂಬುದನ್ನು 'ಮಾಡಿಸಬಹುದು' ಎಂದು ತಿದ್ದಿಸಿದವಳು ಅವಳೇ. ಮನಸ್ಸಿದ್ದರೆ ಮಾಡಿಸಿ, ಇಲ್ಲದಿದ್ದರೆ ಬಿಡಿ ಎಂದಾಗಿತ್ತು ಕಾನೂನು!

ಹೇಳಿಬಿಡಲೇ?... ಹೇಳಿದರೆ ಸಂಸ್ಥೆಯ ಹಿರಿಯ ಮೇಡಂ ಸುಮ್ಮನೆ ಬಿಟ್ಟಾರೆಯೇ?

"ಸರಿಯಾಗಿದೆ," ಎಂದಳು.

"ಉಳಿಸಿದ್ರಿ! ಒಪ್ಪಿಗೆಗೆ ಸಹಿ ಹಾಕ್ತೀನಿ. ಬನ್ನಿ, ಟೀ ಕುಡಿಯೋಣ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಒಂದು ಟೀ ಹತ್ತಾರು ಸಂಜೆಗಳಾಯಿತು. ಯಾರ ಪರ ಕೆಲಸ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಗ್ಗಗಳ ಮಧ್ಯೆಯೇ ಆಯುಷ್ಯ ಸವೆಸಿದ ಅವಳಪ್ಪನ ಕಿವಿ ನೋಡಲು ಮನೆಗೂ ಬಂದ.

"ಯಜಮಾನ್ರೇ, ಕೇಳಿಸ್ತಿದ್ಯಾ?"

"ಹಸಿವಾ? ಕೂತ್ಕೊಳ್ಳಿ, ಊಟ ಮಾಡ್ಕೊಂಡೇ ಹೋಗಿ!"

ಅವನು ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಆದರೆ ಅಪ್ಪನ ಕಿವಿಯ ಬಳಿ ಬಾಗಿದ ಅವನ ಮುಖ ನೋಡುತ್ತಿದ್ದಂತೆ ಅಡುಗೆಮನೆಗೆ ಸರಿದಳು. ಛೀ... ಅಪ್ಪನಂಥವರ ಬಾಯಿಗೇ ಮಣ್ಣು ಹಾಕಿದೆನಲ್ಲಾ!

ಸಾರ್ವಜನಿಕ ವಿಚಾರಣೆಯ ದಿನ ಬಂತು. ಹಿರಿಯ ಮೇಡಂ ಎದ್ದರು.

"ಈ ಕರಡಿಗೆ ಡಾಕ್ಟರೂ ಒಪ್ಪಿದ್ದಾರೆ. ಗಿರಣಿ ಮಾಲೀಕರ ಪರವಾಗಿ ತಿದ್ದುಪಡಿ ತಂದ ನಮ್ಮ ಕಿರಿಯ ವಕೀಲೆ ವಿವರಿಸ್ತಾರೆ."

ಅವಳು ಎದ್ದು ನಿಂತಳು. ಎದುರು ಸಾಲಿನಲ್ಲಿ ಅವನ ಮುಖ ಕಪ್ಪಿಟ್ಟಿತು. ಅವಳು ಕಡತ ಮುಚ್ಚಿ ಹೊರನಡೆದಳು. ವಿವರಣೆ ಸಿಗದೆ ಅಧಿಕಾರಿಗಳು ಅಂದಿನ ವಿಚಾರಣೆಯನ್ನು ಮುಂದೂಡಿದರು.

ಹೊರಗೆ ಅವನು ಕೇಳಿದ್ದು ಒಂದೇ ಮಾತು.

"ಟೀ ಕುಡಿದಿದ್ದು, ನಕ್ಕಿದ್ದು... ಎಲ್ಲಾ ಕೆಲಸದ ಭಾಗಾನೇನಾ, ವಕೀಲರೇ?"

'ಅಲ್ಲ, ಅದೊಂದೇ ನಿಜ!' ಎಂದು ಮನಸ್ಸು ಚೀರಿತು. ಅವನು ಹೊರಟುಹೋದ.

ಮನೆಗೆ ಬಂದು ಅಪ್ಪನ ಕಾಲ ಬಳಿ ಕುಸಿದಳು.

"ಅಪ್ಪಾ, ನಾನು ತಪ್ಪು ಮಾಡ್ದೆ..."

"ಏನು? ಜೋರಾಗಿ ಹೇಳೇ!"

"ತಪ್ಪು ಮಾಡ್ದೆ!"

"ಇನ್ನೂ ಜೋರಾಗಿ!"

ಪಕ್ಕದ ಮನೆಯ ಕಿಟಕಿ ತೆರೆಯಿತು. ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಾ, ತನ್ನ ಸುಳ್ಳನ್ನೆಲ್ಲ ಅವಳು ಬೀದಿಗೇ ಕೇಳುವಂತೆ ಕೂಗಿ ಹೇಳಿದಳು.

ಅಪ್ಪ ಅವಳ ತಲೆ ಸವರಿದರು.

"ನನಗೆ ಕೂಗಿ ಹೇಳಿದ್ಯಲ್ಲ, ಆ ವಿಚಾರಣೆಗೆ ಹೋಗಿ ಮೆಲ್ಲಗೆ ಹೇಳು ಮಗಳೇ. ಅವರ ಕಿವಿಯೆಲ್ಲ ನೆಟ್ಟಗಿದೆ."

ಬೆಳಿಗ್ಗೆ ರಾಜೀನಾಮೆ ಕೊಟ್ಟಳು.

"ಹುಚ್ಚಾ ನಿನಗೆ?" ಹಿರಿಯ ಮೇಡಂ ಸಿಡಿದರು. "ಕಕ್ಷಿದಾರರ ಪರ ಮಾತಾಡೋದು ತಪ್ಪಾ?"

"ಅದು ತಪ್ಪಲ್ಲ ಮೇಡಂ. ನಂಬಿ ಕೇಳಿದವ್ರಿಗೆ ಸುಳ್ಳು ಹೇಳಿದೆನಲ್ಲ... ಅದು ತಪ್ಪು."

ವಿಚಾರಣೆ ಮುಂದುವರಿದಾಗ ಅವಳು ಒಬ್ಬಳೇ ಎದ್ದು ನಿಂತಳು.

"ಡಾಕ್ಟರ ಒಪ್ಪಿಗೆಯನ್ನ ದಯವಿಟ್ಟು ಲೆಕ್ಕಕ್ಕೆ ತಗೋಬೇಡಿ. ಅವರು ನನ್ನನ್ನ ನಂಬಿ ಕೇಳಿದ್ರು. ನಾನು ಯಾರ ಪರ ಅನ್ನೋದನ್ನ ಮುಚ್ಚಿಟ್ಟು, ಸರಿಯಿದೆ ಅಂದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ತಲೆತಗ್ಗಿಸಿಕೊಂಡೇ ಹೊರಗೆ ನಡೆದಳು.

ಕೆಲವೇ ವಾರಗಳಲ್ಲಿ 'ತಕ್ಕದ್ದು' ಕರಡಿಗೆ ಮರಳಿತು. ಡಾಕ್ಟರು ಮಾತ್ರ ಮರಳಲಿಲ್ಲ.

ಒಂದು ಸಂಜೆ ಬಟ್ಟೆ ತೆಗೆಯಲು ಅಂಗಳಕ್ಕೆ ಬಂದರೆ, ಗೇಟಿನಾಚೆ ಅವನು!

"ಯಾವಾಗ ಬಂದ್ರಿ?"

"ಆಗಲೇ. ಬೆಲ್ ಒತ್ತೋ ಧೈರ್ಯ ಬರ್ಲಿಲ್ಲ."

ಅವಳ ಕಣ್ಣು ತುಂಬಿತು. "ಧೈರ್ಯ ಬೇಕಿರೋದು ನನಗೆ... ನಿಮ್ಮ ಮುಖ ನೋಡೋಕೆ. ಕ್ಷಮಿಸಿದ್ರಾ?"

"ಪೂರ್ತಿ ಇಲ್ಲ. ಇನ್ನೂ ಕೋಪ ಇದೆ. ಆದ್ರೆ... ದೂರ ಇದ್ದು ಕೋಪ ಮಾಡ್ಕೊಳ್ಳೋಕೆ ನನ್ನಿಂದಾಗ್ತಿಲ್ಲ. ಹತ್ತಿರ ಇದ್ದೇ ಮಾಡ್ಕೊಳ್ಲಾ?"

ಅವಳು ಅಳುತ್ತಲೇ ಗೇಟು ತೆರೆದಳು.

"ಮಾಡ್ಕೊಳ್ಳಿ... ಜೀವನಪೂರ್ತಿ ಮಾಡ್ಕೊಳ್ಳಿ!"