ಘರಘಂಟಿಗೆ ಕೊಟ್ಟ ಹೆಸರು

ಮೊರದಲ್ಲಿದ್ದ ಜೋಳವನ್ನು ಘರಘಂಟಿಯ ಬಾಯಿಗೆ ಸುರಿಯುತ್ತಿದ್ದ ಮಹಾದೇವಿಗೆ ಮತ್ತೆ ನಗು ಬಂತು. ಕುರ್ಲಾದ ಹಳೇ ಸಾಮಾನಿನ ಅಂಗಡಿಯ ಶಂಕ್ರೆಪ್ಪ ಅದೆಷ್ಟು ಗಂಭೀರವಾಗಿ ಹೇಳಿದ್ದ!

"ಅಕ್ಕಾರ, ಇದು ನಡಿಯೂವಾಗ ಯಾರ ಹೆಸರೂ ತಗೋಬ್ಯಾಡ್ರಿ. ಇದಕ್ಕ ಮಾಟ ಮಾಡ್ಸ್ಯಾರ. ಇದನ್ನ ಮೊದಲ ಇಟ್ಕೊಂಡಿದ್ದಾಕೀ ನೆಗೆಣ್ಣಿ ಹೊಟ್ಟಿಕಿಚ್ಚಿಗೆ ಮಾಡಿಸಿದ್ದು."

"ಮಷೀನಿಗೆ ಕಿವಿ ಎಲ್ಲಿರ್ತಾವ್ರಿ ಅಣ್ಣಾರ? ತೋರಸ್ರಿ, ಬೆಂಡೋಲಿ ಹಾಕ್ತೀನಿ!"

ಮನೆಯಲ್ಲೇ ಹಿಟ್ಟು ಬೀಸುವ, ಪುಟ್ಟ ಕಪಾಟಿನಂಥ ಈ ಯಂತ್ರಕ್ಕಾಗಿ ಅವಳು ಎಷ್ಟೋ ತಿಂಗಳು ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ದಾದರಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಅವಳೂ ಮಗಳು ಸಪ್ನಾಳೂ ಬದುಕಿದ್ದರು. ಗಿರಣಿಯಲ್ಲಿ ಸಾಲು ನಿಂತು, ಗೋಧಿ ಬೆರೆತ ಹಿಟ್ಟು ತಂದು, ಹರಿದುಹೋಗುವ ರೊಟ್ಟಿಯ ಜೊತೆ ಗುದ್ದಾಡುವುದು ಇನ್ನು ತಪ್ಪಿತು.

ಚಾಳಿನ ಹಿಂಬದಿಯ ಆ ಖೋಲಿಗೆ ನಡುಮಧ್ಯಾಹ್ನವೂ ದೀಪ ಬೇಕು. ಮಹಾದೇವಿ ಗುಂಡಿ ಒತ್ತಿದಳು. ಘರ್ರೆಂದು ಯಂತ್ರ ತಿರುಗಿತು. ಆ ಸದ್ದಿನಲ್ಲಿ ಅವ್ವನ ಬೀಸುಕಲ್ಲು ಕೇಳಿಸಿತು. ಇಂಡಿ ತಾಲೂಕಿನ ಹಳ್ಳಿಯಲ್ಲಿ ಅವ್ವ ನಸುಕಿನಲ್ಲಿ ಬೀಸುತ್ತ, ಒಂದೊಂದು ನುಡಿಗೆ ಒಂದೊಂದು ಮಗುವಿನ ಹೆಸರು ಹಾಕಿ ಹರಸುತ್ತಿದ್ದಳು. ಮಕ್ಕಳ ಹೆಸರಿಲ್ಲದ್ದು ಅವಳ ಪಾಲಿಗೆ ಹಾಡೇ ಅಲ್ಲ. ಮಹಾದೇವಿಯ ಬಾಯಿ ತಾನಾಗಿ ತೆರೆಯಿತು.

"ಬೆಳದಿಂಗಳ ಬಣ್ಣದ ಬಿಳಿಜೋಳ ಬೀಸೇನ, ಸಪ್ನವ್ವ ನನ ಮಗಳ ಸುಖವಾಗಿ ಬಾಳ..."

ಆ ದಿನ ಹಿಟ್ಟಿನ ಡಬ್ಬಿ ತುಂಬಿ ಹೊರಚೆಲ್ಲಿತು. ಹಾಕಿದ ಜೋಳಕ್ಕಿಂತ ಹಿಟ್ಟೇ ಹೆಚ್ಚು. ಮುಟ್ಟಿದರೆ ಆಗಷ್ಟೇ ಹಾಸಿಗೆಯಿಂದ ಎದ್ದ ಮೈಯಂತೆ ಬೆಚ್ಚಗಿತ್ತು. ರೊಟ್ಟಿ ಎಲೆಯಂತೆ ತೆಳ್ಳಗೆ ಬಂದವು. ಹಿಟ್ಟಿಗೆ ಎಲ್ಲಿಂದಲೋ ಕೊಬ್ಬರಿ ಎಣ್ಣೆಯ ಸಣ್ಣ ವಾಸನೆ ಹತ್ತಿತ್ತು. ಅದೊಂದು ಅವಳಿಗೆ ತಿಳಿಯಲಿಲ್ಲ. ದಿನವೂ ಹಾಡಿದಳು. ದಿನವೂ ಡಬ್ಬಿ ತುಂಬಿ ಚೆಲ್ಲಿತು.

"ಮಮ್ಮೀ, ಯೂನಿಫಾರ್ಮ್ ಢೀಲಾ ಆಗಿದೆ. ಪಿನ್ ಕೊಡು ನಾ," ಎಂದಳು ಹತ್ತನೇ ಕ್ಲಾಸಿನ ಸಪ್ನಾ, ಮೂರನೇ ವಾರಕ್ಕೆ.

"ವಡಾಪಾವ್ ತಿಂದು ಊಟ ಬಿಟ್ರ ಮತ್ತೇನಾಗ್ತದ?"

ಆದರೆ ಸಪ್ನಾ ಊಟ ಬಿಟ್ಟಿರಲಿಲ್ಲ. ತಿಂದದ್ದೆಲ್ಲ ಎಲ್ಲಿಗೋ ಹೋಗುತ್ತಿತ್ತು. ಕೈಯ ಕಡಗ ಮೊಣಕೈಗೆ ಏರಿತು. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲವೆಂದರು ಡಾಕ್ಟರು. ತಿಂಗಳು ತುಂಬುವಷ್ಟರಲ್ಲಿ ಹುಡುಗಿ ಹಾಸಿಗೆ ಹಿಡಿದಳು. ಪಕ್ಕದ ಖೋಲಿಯ ಮುದುಕಿ ನಾಗವ್ವ ಗಂಜಿ ತಂದವಳು ಅವಳ ತಲೆ ಸವರಿ, "ಕೂಸು ಹಿಟ್ಟಿನಂಗ ಬೆಳ್ಳಗಾಗೇದಲ್ಲೇ ತಂಗಿ," ಎಂದಳು.

ರೊಟ್ಟಿಯ ಹಿಟ್ಟು ನಾದುತ್ತಿದ್ದ ಮಹಾದೇವಿಯ ಕೈ ನಿಂತಿತು. ಅಂಗೈ ಮೂಸಿದಳು. ಕೊಬ್ಬರಿ ಎಣ್ಣೆ. ಸಪ್ನಾಳ ಜಡೆಯ ವಾಸನೆ.

ಮರುದಿನ ಬಾಯಿ ಬಿಗಿಹಿಡಿದು ಯಂತ್ರ ಹಚ್ಚಿದಳು. ಕಿವಿಗೊಟ್ಟಳು. ಘರಘರ ಸದ್ದು. ಅದರ ಅಡಿಯಲ್ಲಿ ಇನ್ನೊಂದು ದನಿ. ಅವಳದೇ ದನಿ. ಸಪ್ನವ್ವ ನನ ಮಗಳ... ಪ್ಲಗ್ ಕಿತ್ತಳು. ನಿಲ್ಲಲಿಲ್ಲ. ಮುಚ್ಚಳ ತೆರೆದಳು. ಒಂದು ಕಾಳೂ ಇರಲಿಲ್ಲ. ಹಿಟ್ಟು ಬೀಳುತ್ತಲೇ ಇತ್ತು. ಹಾಸಿಗೆಯಲ್ಲಿ ಸಪ್ನಾ ಉಸಿರಿಗಾಗಿ ಬಾಯಿ ಬಿಟ್ಟಳು. ಹಾಡು ಮುಗಿಯಿತು. ಯಂತ್ರ ನಿಂತಿತು.

ನಾಗವ್ವನನ್ನು ಮಗಳ ಬಳಿ ಕೂರಿಸಿ ಮಹಾದೇವಿ ಓಡಿದಳು.

"ಒಡದು ಹಾಕ್ತೀನ್ರಿ ಅದನ್ನ," ಎಂದಳು ಶಂಕ್ರೆಪ್ಪನ ಮುಂದೆ, ಏದುಸಿರು ಬಿಡುತ್ತ.

"ಹೆಸರು ಒಳಗೈತ್ರಿ ಅಕ್ಕಾರ. ಒಡದ್ರ ಹುಡುಗಿ ಉಳಿಯಂಗಿಲ್ಲ." ಅವನು ಹಳೇ ಮಿಕ್ಸರೊಂದನ್ನು ಒರೆಸುತ್ತಿದ್ದ. "ಬದಲಿ ಹೆಸರು ಕೊಡಬೇಕು. ಆಗ ಮೊದಲಿಂದು ಬಿಡ್ತೈತಿ."

"ಮೊದಲಿನಾಕಿ ಯಾರ ಹೆಸರು ಕೊಟ್ಲು?"

"ಅಕೀ ಮಗ ಈಗ ಛಲೋ ಅದಾನ್ರಿ. ಕಾಲೇಜಿಗೆ ಹೋಗ್ತಾನ."

"ಅಕಿ?"

"ಅಕೀ ದಿನಾ ಮುಗಿದ ಮ್ಯಾಲ ಮಗನ ಈ ಮಷೀನ ತಂದು ನನಗ ಮಾರಿದ."

ತನ್ನ ಹೆಸರನ್ನೇ ಕೊಡುವುದೆಂದುಕೊಂಡು ಮಹಾದೇವಿ ಹಿಂದಿರುಗಿದಳು. ಭಯವೇನೂ ಆಗಲಿಲ್ಲ. ಆದರೆ ಚಾಳಿನ ಬಾಗಿಲಿಗೆ ಬರುವಷ್ಟರಲ್ಲಿ ಹೆಜ್ಜೆ ಭಾರವಾದವು. ತಾನು ಸವೆದುಹೋದ ಮೇಲೆ ಸಪ್ನಾಳನ್ನು ನೋಡುವವರು ಯಾರು? ಮೆಟ್ಟಿಲಿನ ಗೋಡೆಗೆ ಆತುಕೊಂಡು ನಿಂತಳು. ಅಲ್ಲಿ ಟಪಾಲು ಪೆಟ್ಟಿಗೆಗಳ ಸಾಲಿತ್ತು. ಇಷ್ಟು ವರ್ಷ ಅವಳು ಓದಿರದ ಹೆಸರುಗಳು. ರಮಾನಾಥ ಯಾದವ. ರೂಪಾಲಿ ಜಾಧವ. ಸುಭಾಷ ಗಾಯಕವಾಡ. ಒಟ್ಟು ಅರವತ್ತನಾಲ್ಕು.

ಒಂದು ನುಡಿಗೆ ಒಂದು ಹೆಸರು. ಹಾಡಿಗೆ ಒಂದೇ ನುಡಿ ಇರಬೇಕೆಂದು ಯಾರು ಹೇಳಿದರು?

ಒಂದೇ ಹೆಸರಾದರೆ ಒಂದು ಜೀವ. ಅರವತ್ತನಾಲ್ಕಾದರೆ ತಲೆಗೊಂದು ಹಿಡಿ ಹಿಟ್ಟು. ಯಾರ ಬಳೆಯೂ ಸಡಿಲವಾಗಲಿಕ್ಕಿಲ್ಲ. ಲೋಕಲ್ ರೈಲು ಇಳಿದು ಬರುವಾಗ ಎಲ್ಲರೂ ಹೇಗೂ ದಣಿದಿರುತ್ತಾರೆ. ಇನ್ನೊಂದಿಷ್ಟು ದಣಿವು ಯಾರಿಗೆ ಗೊತ್ತಾದೀತು? ಮೇಲಿನ ಸಾಲಿನಿಂದ ಶುರುಮಾಡಿ, ತುಟಿ ಅಲುಗದಂತೆ, ಅವಳು ಹೆಸರುಗಳನ್ನು ಬಾಯಿಪಾಠ ಮಾಡತೊಡಗಿದಳು. ಮೊದಲ ನುಡಿಗೆ ತನ್ನದೇ ಹೆಸರಿಟ್ಟಳು.

"ಏನ್ ಓದಾಕತ್ತಿ ತಂಗಿ? ಕಾಗದ ಬಂದೈತೇನ?" ನಾಗವ್ವ ಮೆಟ್ಟಿಲ ಬಳಿಗೆ ಬಂದು ನಿಂತಿದ್ದಳು. "ಕೂಸಿಗೆ ನಿದ್ದಿ ಹತ್ತೇದ. ಎರಡ ಗುಟುಕು ಗಂಜಿ ಕುಡೀತು."

"ಏನಿಲ್ಲ ಅಮ್ಮಾ. ಹಂಗ ನೋಡಾಕತ್ತಿದ್ದೆ."

ನಾಗವ್ವನ ಪೆಟ್ಟಿಗೆಯ ಮೇಲೆ ಇದ್ದದ್ದು ಅವಳ ಮಗನ ಹೆಸರು. ಮುದುಕಿಯ ಹೆಸರು ಎಲ್ಲೂ ಬರೆದಿರಲಿಲ್ಲ. ಮಹಾದೇವಿ ಅವಳ ಕೈಯ ಎದ್ದು ಕಾಣುವ ನರಗಳನ್ನು ನೋಡಿದಳು. ಬಿಟ್ಟುಬಿಡಬಹುದಿತ್ತು. ಆದರೆ ಒಂದು ಹೆಸರು ಕೂಡಿದಷ್ಟೂ ಉಳಿದವರ ಪಾಲು ಹಗುರ.

"ನೀವಿನ್ನ ಹೋಗಿ ಮಲಕ್ಕೋರಿ ಅಮ್ಮಾ, ದಣದೀರಿ," ಎಂದಳು ಮೆಲ್ಲಗೆ. ಖೋಲಿಯೊಳಗೆ ಹೋಗಿ ಬಾಗಿಲ ಚಿಲಕ ಹಾಕಿಕೊಂಡಳು.