ತಂತಿ ಹಿಡಿದ ಜಾಗ

ಬೆಳಿಗ್ಗೆ ನನ್ನ ಮೇಜಿನ ಮೇಲಿಟ್ಟಿದ್ದ ಚಿಲಕ ಕಾಣಲಿಲ್ಲ.

ನಮ್ಮದು ಉಕ್ಕಿನ ಸಾಮಾನುಗಳಿಗೆ ಕರೆಂಟು ಹರಿಸಿ ಸತುವಿನ ಲೇಪ ಕೂರಿಸುವ ಸಣ್ಣ ಕಾರ್ಖಾನೆ. ನಾನು ಲ್ಯಾಬಿನಲ್ಲಿ ದ್ರಾವಣ ಪರೀಕ್ಷಿಸುತ್ತೇನೆ. ಲೇಪದ ತೊಟ್ಟಿಗಳನ್ನು ನೋಡಿಕೊಳ್ಳುವವನು ಇನ್ನೊಬ್ಬ. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ, ನಾನೂ.

"ಮೇಸ್ತ್ರಿ, ಇಲ್ಲೊಂದು ತುಕ್ಕು ಹಿಡಿದ ಚಿಲಕ ಇತ್ತು."

"ಸ್ಯಾಂಪಲ್ ತಾನೇ? ಆ್ಯಸಿಡ್‌ಗೆ ಬಿಟ್ಟಾಯ್ತು ಮೇಡಂ. ನೋಡಿ, ಈಗ ತಾನೇ ಹುಟ್ಟಿದ ಕೂಸಿನ ಹಾಗಿದೆ."

ಎತ್ತಿ ತೋರಿಸಿದ. ಬೂದುಬಣ್ಣ, ಪೂರ್ತಿ ಬೆತ್ತಲೆ.

"ಅದು ನಮ್ಮ ಮನೆ ಗೇಟಿಂದು. ನಮ್ಮ ಯಜಮಾನರು ಹಾಕಿದ್ದು. ಅವರು ತೀರಿಹೋದಮೇಲೆ ಯಾರೂ ಅದನ್ನ ಒರೆಸಿರಲಿಲ್ಲ."

ಕಿರುಗುಟ್ಟುತ್ತದೆ ಎಂದು ಅತ್ತೆಯೇ ಬಿಚ್ಚಿ ಕೊಟ್ಟಿದ್ದರು. ಲೇಪ ಹಾಕಿಸಲು ತಂದವಳಿಗೆ ಕೈಯಿಂದ ಬಿಡಲು ಮನಸ್ಸಾಗದೆ ಮೇಜಿನ ಮೇಲೇ ಇಟ್ಟಿದ್ದೆ.

ಅವನ ನಗು ಇಳಿಯಿತು. ಕೈಗವಸು ಬಿಚ್ಚಿದ, ಮತ್ತೆ ಹಾಕಿಕೊಂಡ.

ನನಗೆ ಅಳು ಬರಬೇಕಿತ್ತು. ಕಾದೆ, ಬರಲಿಲ್ಲ. ಮನುಷ್ಯನ ಕಿವಿ ಇಷ್ಟು ಕೆಂಪಾಗುವುದು ಹೇಗೆ ಎಂಬ ಕುತೂಹಲ ಬಂತು. ಬಹಳ ಕಾಲದ ಮೇಲೆ ಬಂದ ಕುತೂಹಲ.

"ಹೀಗೇ ಬಿಟ್ರೆ ಮಧ್ಯಾಹ್ನಕ್ಕೆ ಮತ್ತೆ ತುಕ್ಕು ಶುರುವಾಗುತ್ತೆ," ಎಂದ ಮೆಲ್ಲಗೆ. "ಬೇಕಂದ್ರೆ ಬಿಡೋಣ."

"ಅದು ಹೊಸ ತುಕ್ಕು, ಮೇಸ್ತ್ರಿ."

"ಹೌದು."

"ಲೇಪ ಹಾಕಿ. ನಾನೂ ನೋಡ್ತೀನಿ."

ತೊಳೆದು ಎತ್ತಿ ಹಿಡಿದ. ನೀರು ಎಲ್ಲೂ ಒಡೆಯದೆ ಹಾಳೆಯಂತೆ ಹರಡಿತ್ತು. ಒಂದು ಬೆರಳಿನ ಜಿಡ್ಡು ಉಳಿದಿದ್ದರೂ ಅಲ್ಲಿ ನೀರು ಬಿರಿಯುತ್ತದೆ. ಬಿರಿಯಲಿಲ್ಲ. ಯಾರ ಬೆರಳ ಗುರುತೂ ಉಳಿದಿರಲಿಲ್ಲ. ಬಗ್ಗಿ ನೋಡುವಾಗ ಅವನ ತೋಳು ನನ್ನ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

ಚಿಲಕವನ್ನು ತಂತಿಗೆ ಸಿಕ್ಕಿಸಿ ತೊಟ್ಟಿಗೆ ಇಳಿಸಿದ. ಸಣ್ಣ ಗುಳ್ಳೆಗಳು ಎದ್ದವು. ಹೊರಬಂದಾಗ ಬೆಳ್ಳಗೆ ಹೊಳೆಯುತ್ತಿತ್ತು. ತಂತಿ ಹಿಡಿದಿದ್ದ ಕಡೆ ಮಾತ್ರ ಎಳ್ಳಷ್ಟು ಬರಿ ಉಕ್ಕು.

"ನಡುವೆ ತಂತಿ ಜರುಗಿಸಬೇಕಿತ್ತು. ನಿಮ್ಮನ್ನೇ ನೋಡ್ತಾ ಮರೆತೆ," ಎಂದ, ತೊಟ್ಟಿಗೆ ಹೇಳುವವನಂತೆ.

"ಪರವಾಗಿಲ್ಲ. ಸುತ್ತಲಿನ ಸತು ಅದನ್ನ ಕಾಯುತ್ತೆ. ಉಕ್ಕಿನ ಬದಲು ತಾನೇ ಮೊದಲು ಸವೆಯುತ್ತೆ."

"ಪಾಪ ಅನ್ಸುತ್ತೆ ಅಲ್ವಾ?"

"ನನಗೋಸ್ಕರ ಯಾರೂ ಹಾಗೆ ಸವೆಯೋದು ಬೇಡ, ಮೇಸ್ತ್ರಿ."

ಅವನು ಮೊದಲ ಬಾರಿ ನೆಟ್ಟಗೆ ನೋಡಿದ. "ನಾನ್ಯಾಕೆ ಸವೀಲಿ? ನಾನು ಸತು ಅಲ್ಲ ಮೇಡಂ, ನನಗೆ ಹೊಟ್ಟೆ ಹಸಿಯುತ್ತೆ. ಒಂದೇ ಡಬ್ಬಿ ಇದೆ, ಅರ್ಧ ನಿಮಗೆ. ಬರ್ತೀರಾ?"

ಹೋದೆ.

ಸಂಜೆ ಚಿಲಕ ಗೇಟಿಗೆ ಮರಳಿತು. ಅತ್ತೆ ಎಳೆದು, ತಳ್ಳಿ ನೋಡಿದರು. "ಸದ್ದೇ ಇಲ್ಲ. ಇನ್ನು ನೀನು ಬಂದದ್ದು ಹೋದದ್ದು ನನಗೆ ಗೊತ್ತಾಗಲ್ಲ ಬಿಡು."

"ನಾಳೆ ಊಟ ಸ್ವಲ್ಪ ಜಾಸ್ತಿ ಕಟ್ಕೊಂಡು ಹೋಗ್ತೀನಿ ಅತ್ತೆ."

"ಎಷ್ಟು ಜಾಸ್ತಿ?"

"ಇನ್ನೊಬ್ಬರಿಗೆ ಆಗೋವಷ್ಟು."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ, ಸ್ಟೂಲು ಹತ್ತಿ, ಅಟ್ಟದ ಮೇಲಿದ್ದ ದೊಡ್ಡ ಡಬ್ಬಿ ಇಳಿಸಿದರು.